ಕ್ಲಾವೆರಿಯಾದಿಂದ ಆಂಕರೇಜಿಗೆ: ಒಬ್ಬ ಫಿಲಿಪಿನೋ ತಾಯಿಯ ನೆನಪು

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿರುವ ನಮ್ಮ ಕುಟುಂಬಗಳಿಗೆ ಫಿಲಿಪಿನೋ ಜನರು ಅಪರಿಚಿತರೇನಲ್ಲ. ಅಲ್ಲಿನ ದೇವಾಲಯಗಳಲ್ಲಿ ಕೊಂಕಣಿಯಲ್ಲೋ ಮಲಯಾಳದಲ್ಲೋ ನಡೆದ ಬಲಿಪೂಜೆ ಮುಗಿದರೆ, ಮುಂದಿನ ಬಲಿಪೂಜೆಗೆ ತಗಾಲೊಗ್ ಭಾಷೆಯ ಜನ ಒಳಗೆ ಬರುತ್ತಾರೆ. ಆಸ್ಪತ್ರೆಯಲ್ಲಿ ಒಂದೇ ಪಾಳಿಯಲ್ಲಿ ದುಡಿಯುವ ದಾದಿಯರು, ಒಂದೇ ಕಟ್ಟಡದಲ್ಲಿ ಬಾಡಿಗೆಗೆ ಇರುವವರು ಅವರು. ಆದರೆ ಅವರ ಬಗೆಗಿನ ನಮ್ಮ ತಿಳಿವಳಿಕೆ ಸಾಮಾನ್ಯವಾಗಿ ಅಲ್ಲಿಗೇ ನಿಂತುಬಿಡುತ್ತದೆ. ಎಲ್ಲಿಂದ ಬಂದರು, ಎಷ್ಟು ಕಾಲದಿಂದ ಹೀಗೆ ಮನೆಬಿಟ್ಟು ಹೊರಟಿದ್ದಾರೆ, ಹೋದ ನಾಡಿನಲ್ಲಿ ಏನನ್ನು ಕಟ್ಟಿದರು ಎಂಬುದನ್ನು ನಾವು ಕೇಳಿದ್ದು ಕಡಿಮೆ. ಗುರುಮಠದಲ್ಲಿ ನಾವು ಓದಿದ ಧರ್ಮಸಭೆಯ ಇತಿಹಾಸದಲ್ಲಿಯೂ ಫಿಲಿಪ್ಪೀನ್ಸಿಗೆ ದೊರೆತದ್ದು ಒಂದೆರಡು ಪುಟ ಮಾತ್ರ.

ಆ ಇತಿಹಾಸದ ಒಂದು ಎಳೆಯನ್ನು ಒಬ್ಬ ತಾಯಿಯ ಬದುಕಿನ ಮೂಲಕ ಹಿಡಿಯಲು ಇಲ್ಲಿ ಪ್ರಯತ್ನಿಸಿದ್ದೇನೆ. ಆಕೆಯ ಹೆಸರು ಥೆಲ್ಮಾ ಗಾರ್ಸಿಯಾ ಬುಕೋಲ್ಟ್. ಫಿಲಿಪ್ಪೀನ್ಸಿನ ಲುಜೋನ್ ದ್ವೀಪದಲ್ಲಿ 1934ರಲ್ಲಿ ಹುಟ್ಟಿದವರು. 2007ರ ನವೆಂಬರ್ ತಿಂಗಳಿನಲ್ಲಿ ತೀರಿಕೊಂಡವರು. ಶಿಕ್ಷಕಿಯಾಗಿ, ನಾಲ್ವರು ಮಕ್ಕಳ ತಾಯಿಯಾಗಿ, ಸಮಾಜಸೇವಕಿಯಾಗಿ, ಅಲಾಸ್ಕ ರಾಜ್ಯದ ಶಾಸಕಿಯಾಗಿ, ಕಡೆಗೆ ಇತಿಹಾಸಕಾರ್ತಿಯಾಗಿ ಬಾಳಿದರು. ಈ ಪಟ್ಟಿಯಲ್ಲಿ ಜನ ಹೆಚ್ಚಾಗಿ ಎತ್ತಿ ಹೇಳುವುದು ಶಾಸಕಿ ಎಂಬುದನ್ನು. ನನಗೆ ಮುಖ್ಯವೆನಿಸಿರುವುದು ಕೊನೆಯದು.

ಅವರ ಹುಟ್ಟೂರು ಕಗಾಯಾನ್ ಪ್ರಾಂತ್ಯದ ಕ್ಲಾವೆರಿಯಾ, ದ್ವೀಪದ ಉತ್ತರ ಅಂಚಿನ ಕಡಲತೀರದ ಪಟ್ಟಣ. ಊರಿನ ಹೆಸರಿನಲ್ಲಿಯೇ ಒಂದು ಕಥೆಯಿದೆ. ನಾರ್ಸಿಸೊ ಕ್ಲಾವೆರಿಯಾ ಎಂಬ ಸ್ಪೇನಿನ ಗವರ್ನರ್ ಜನರಲ್ 1849ರಲ್ಲಿ ಒಂದು ಆಜ್ಞೆ ಹೊರಡಿಸಿ, ಪ್ರಜೆಗಳೆಲ್ಲ ಖಾಯಂ ಮನೆತನದ ಹೆಸರನ್ನು ಹೊಂದಿರಬೇಕೆಂದು ವಿಧಿಸಿದನು. ಅದಕ್ಕಾಗಿ ಹೆಸರುಗಳ ದೊಡ್ಡದೊಂದು ಪಟ್ಟಿಯೇ ಅಚ್ಚಾಯಿತು. ತೆರಿಗೆ ವಸೂಲಿಗೆ, ಲೆಕ್ಕಕ್ಕೆ ಅನುಕೂಲವಾಗಲೆಂಬುದು ಉದ್ದೇಶ. ನಮ್ಮ ಡಿಸೋಜ, ಪಿಂಟೊ, ಲೋಬೊಗಳ ಹಿಂದೆ ಪೋರ್ಚುಗೀಸರ ಕಾಲದ ಜ್ಞಾನಸ್ನಾನ ಇರುವಂತೆ ಅವರ ಹೆಸರುಗಳ ಹಿಂದೆ ಸ್ಪೇನ್ ಇದೆ. ಬಹಳಷ್ಟು ಮನೆಗಳ ಮಟ್ಟಿಗೆ ಹೆಸರು ಬಂದದ್ದು ಸರ್ಕಾರಿ ಪಟ್ಟಿಯಿಂದ.

ಆ ನಾಡಿಗೆ ಕ್ರೈಸ್ತ ವಿಶ್ವಾಸ ಬಂದದ್ದು 1521ರಲ್ಲಿ. ಮಗೆಲನ್ನನ ಹಡಗುಗಳು ಬಂದ ಆ ವರ್ಷ ಮಾರ್ಚ್ 31ರ ಪಾಸ್ಖ ಭಾನುವಾರದಂದು ಲಿಮಸಾವಾ ದ್ವೀಪದಲ್ಲಿ ಬಲಿಪೂಜೆ ಅರ್ಪಿತವಾಯಿತು. ಇದರ 500ನೆಯ ವರ್ಷವನ್ನು ಅಲ್ಲಿನ ಧರ್ಮಸಭೆ 2021ರಲ್ಲಿ, ಮಹಾಮಾರಿಯ ಕಾಲದಲ್ಲಿಯೂ, ಆಚರಿಸಿತು. ವಿಶ್ವಾಸದ ಬೆನ್ನಿಗೆ ವಿದ್ಯೆಯೂ ಬಂದಿತು, ಆದರೆ ಹೆಣ್ಣುಮಕ್ಕಳ ಪಾಲಿಗೆ ನಿಧಾನವಾಗಿ. ಮನಿಲಾದಲ್ಲಿ ಸಂತ ತೋಮಾಸರ ಹೆಸರಿನ ವಿಶ್ವವಿದ್ಯಾಲಯ 1611ರಲ್ಲಿಯೇ ಆರಂಭವಾದರೂ ಅದು ಬಹುಕಾಲ ಗಂಡಸರದಾಗಿತ್ತು. 1684ರಲ್ಲಿ ಇಗ್ನಾಸಿಯಾ ಡೆಲ್ ಎಸ್ಪಿರಿತು ಸಾಂತೊ ಎಂಬ ತರುಣಿ ಸ್ಥಳೀಯ ಹೆಣ್ಣುಮಕ್ಕಳಿಗಾಗಿ ಒಂದು ಧಾರ್ಮಿಕ ನಿಲಯವನ್ನು ತೆರೆದರು. ಸ್ಪೇನಿನ ರಕ್ತವಿಲ್ಲದವರಿಗೆ ಕನ್ಯಾಮಠದ ಬಾಗಿಲು ಮುಚ್ಚಿದ್ದ ಕಾಲ ಅದು. ಆ ನಿಲಯದಲ್ಲಿ ಹೆಣ್ಣುಮಕ್ಕಳಿಗೆ ಓದು, ಹೊಲಿಗೆ, ಧರ್ಮೋಪದೇಶ ಎಲ್ಲವೂ ನಡೆಯುತ್ತಿತ್ತು. ಈ ಮಾತೆಯನ್ನು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಪೂಜ್ಯರ ಶ್ರೇಣಿಗೆ ಸೇರಿಸಿದ್ದು 2007ರಲ್ಲಿ. 1863ರಲ್ಲಿ ಊರೂರಿಗೆ ಗಂಡುಮಕ್ಕಳಿಗೊಂದು, ಹೆಣ್ಣುಮಕ್ಕಳಿಗೊಂದು ಶಾಲೆ ಇರಬೇಕೆಂಬ ರಾಜಾಜ್ಞೆ ಬಂದಿತು. ಆಜ್ಞೆ ಬಂದಷ್ಟು ವೇಗದಲ್ಲಿ ಶಾಲೆ ಬರಲಿಲ್ಲವೆಂಬುದನ್ನು ನಮ್ಮ ನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಅನಂತರ ಅಮೆರಿಕದ ಆಳ್ವಿಕೆ. 1901ರ ಆಗಸ್ಟಿನಲ್ಲಿ 'ಥಾಮಸ್' ಎಂಬ ಸೇನಾ ಹಡಗಿನಲ್ಲಿ ಸುಮಾರು 500 ಅಮೆರಿಕನ್ ಶಿಕ್ಷಕ ಶಿಕ್ಷಕಿಯರು ಮನಿಲಾದಲ್ಲಿ ಇಳಿದರು. ಅದೇ ವರ್ಷ ಶಿಕ್ಷಕರ ತರಬೇತಿ ಶಾಲೆಯೂ ಆರಂಭವಾಯಿತು. ಇಂಗ್ಲಿಷಿನಲ್ಲಿ ಪಾಠ ಹೇಳಬಲ್ಲ ಸ್ಥಳೀಯ ಶಿಕ್ಷಕಿಯರ ತಲೆಮಾರೊಂದು ಬೆಳೆದು ನಿಂತಿತು. ಸೈನ್ಯ ಗುಂಡಿನಿಂದ ಗೆದ್ದುದನ್ನು ಶಾಲೆ ಅಕ್ಷರದಿಂದ ಭದ್ರಪಡಿಸಿತು ಎಂಬ ಟೀಕೆ ಇದೆ, ಅದರಲ್ಲಿ ಹುರುಳಿದೆ. ಆದರೆ ಅದೇ ಶಾಲೆಗಳಿಂದ ಹೊರಬಂದ ಹೆಂಗಸರು 1937ರ ಏಪ್ರಿಲ್ 30ರಂದು ಮತದಾನದ ಹಕ್ಕನ್ನು ಗೆದ್ದುಕೊಂಡರು ಎಂಬುದೂ ನಿಜ. ಆ ದಿನ ಹೆಂಗಸರದೇ ಜನಮತಗಣನೆ ನಡೆಯಿತು. ಕನಿಷ್ಠ 3,00,000 ಮಂದಿ ಒಪ್ಪಿಗೆ ನೀಡಬೇಕೆಂಬ ಷರತ್ತು. ಬಂದದ್ದು 4,47,000ಕ್ಕೂ ಹೆಚ್ಚು. ಥೆಲ್ಮಾಗೆ ಆಗ ಇನ್ನೂ ಮೂರು ವರ್ಷ ತುಂಬಿರಲಿಲ್ಲ.

ಅವರು ಹುಟ್ಟಿದ ವರ್ಷಕ್ಕೆ ಮತ್ತೊಂದು ಮಹತ್ವವಿದೆ. ಅದುವರೆಗೆ ಅಮೆರಿಕದ ಅಧೀನ ಪ್ರಜೆಗಳಾಗಿದ್ದ ಫಿಲಿಪಿನೋ ಜನ ಆ ದೇಶಕ್ಕೆ ಅಡ್ಡಿಯಿಲ್ಲದೆ ಹೋಗಿಬರಬಹುದಿತ್ತು. ಹವಾಯಿಯ ಕಬ್ಬಿನ ತೋಟಗಳಿಗೂ ಕ್ಯಾಲಿಫೋರ್ನಿಯದ ಹೊಲಗಳಿಗೂ ಸಹಸ್ರಾರು ತರುಣರು ಹೋದದ್ದು ಹಾಗೆ. 1934ರ ಮಾರ್ಚಿನಲ್ಲಿ ಟೈಡಿಂಗ್ಸ್-ಮ್ಯಾಕ್‌ಡಫಿ ಕಾಯಿದೆ ಬಂದಿತು. ಹತ್ತು ವರ್ಷಗಳ ಬಳಿಕ ಸ್ವಾತಂತ್ರ್ಯ ಕೊಡುತ್ತೇವೆಂದು ಒಂದು ಕೈಯಲ್ಲಿ ಮಾತುಕೊಟ್ಟ ಅಮೆರಿಕ, ಇನ್ನೊಂದು ಕೈಯಲ್ಲಿ ಬಾಗಿಲು ಹಾಕಿತು. ಇಡೀ ಫಿಲಿಪ್ಪೀನ್ಸಿನಿಂದ ವರ್ಷಕ್ಕೆ 50 ಜನರು ಮಾತ್ರ ವಲಸೆ ಬರಬಹುದು. ಐವತ್ತು ಮಂದಿ ಎಂದರೆ ನಮ್ಮ ಹಳ್ಳಿಯ ಒಂದು ಬಸ್ಸಿಗೂ ಸಾಲದಷ್ಟು.

ಈ ಬಾಗಿಲು ತುಸು ಸಡಿಲವಾದದ್ದು 1946ರ ಜುಲೈ 2ರಂದು, ಫಿಲಿಪ್ಪೀನ್ಸ್ ಸ್ವತಂತ್ರವಾಗುವುದಕ್ಕೆ ಎರಡು ದಿನ ಮುನ್ನ. ಆಗ ಬಂದ ಲೂಸ್-ಸೆಲ್ಲರ್ ಕಾಯಿದೆ ನಮಗೂ ಸಂಬಂಧಿಸಿದ್ದು. ಫಿಲಿಪಿನೋ ಜನರಿಗೂ ಭಾರತೀಯರಿಗೂ ಅಮೆರಿಕದ ಪೌರತ್ವ ಪಡೆಯುವ ಹಕ್ಕು ಒಂದೇ ಕಾಯಿದೆಯಲ್ಲಿ, ಒಂದೇ ದಿನ ದೊರೆಯಿತು. ಎರಡು ದೇಶಗಳಿಗೂ ವರ್ಷಕ್ಕೆ 100 ಜನರಷ್ಟೇ ಮಿತಿ. ಇಂದು ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡಿಗ ಕುಟುಂಬಗಳು ನಡೆದುಹೋದ ದಾರಿಯ ಮೊದಲ ಕಲ್ಲುಗಳಲ್ಲಿ ಅದೂ ಒಂದು.

ಈ ನಡುವೆ ಯುದ್ಧ. 1941ರ ಡಿಸೆಂಬರ್ 10ರಂದು ಜಪಾನೀ ಪಡೆಗಳು ಕಗಾಯಾನ್ ಪ್ರಾಂತ್ಯದ ಅಪಾರ್ರಿಯಲ್ಲಿ ಇಳಿದವು. ಅದು ಥೆಲ್ಮಾರ ಊರು ಇರುವ ಅದೇ ಕರಾವಳಿ. ಏಳು ವರ್ಷದ ಹುಡುಗಿಯ ಶಾಲಾಬಾಲ್ಯ ಆಕ್ರಮಣದ ನೆರಳಿನಲ್ಲಿ ಕಳೆಯಿತು. 1951ರಲ್ಲಿ, ಇನ್ನೂ ಹದಿಹರೆಯದಲ್ಲಿಯೇ, ಅವರು ಅಮೆರಿಕಕ್ಕೆ ಹೊರಟರು. ಲಾಸ್ ಏಂಜಲೀಸಿನ ಮೌಂಟ್ ಸೇಂಟ್ ಮೇರೀಸ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದರು. ಕರಾಂಡೆಲೆಟ್ಟಿನ ಸಂತ ಜೋಸೆಫರ ಭಗಿನಿಯರು 1925ರಲ್ಲಿ ಹೆಣ್ಣುಮಕ್ಕಳಿಗಾಗಿ ಆರಂಭಿಸಿದ ಕಾಲೇಜು ಅದು.

ಅವರು ಕಾಲಿಟ್ಟ ಕ್ಯಾಲಿಫೋರ್ನಿಯ ಎಂಥದೆಂಬುದನ್ನು ಇಲ್ಲಿ ತುಸು ನಿಂತು ನೋಡಬೇಕು. 1930ರ ಜನವರಿಯಲ್ಲಿ ಆ ರಾಜ್ಯದ ವಾಟ್ಸನ್‌ವಿಲ್ ಎಂಬಲ್ಲಿ ಬಿಳಿಯರ ಗುಂಪುಗಳು ಹಲವು ದಿನ ಫಿಲಿಪಿನೋ ಕೂಲಿಗಳನ್ನು ಬೇಟೆಯಾಡಿದ್ದವು. ಫರ್ಮಿನ್ ತೊಬೆರಾ ಎಂಬ 22 ವರ್ಷದ ಯುವಕ, ಕೂಲಿಗಳ ವಸತಿಯೊಳಗಿದ್ದಾಗಲೇ ಹೊರಗಿನಿಂದ ಹಾರಿಸಿದ ಗುಂಡಿಗೆ ಸತ್ತನು. ಬಂದವರಲ್ಲಿ ಹತ್ತಕ್ಕೂ ಹೆಚ್ಚು ಗಂಡಸರಿಗೆ ಒಬ್ಬ ಹೆಂಗಸು ಎಂಬ ಪರಿಸ್ಥಿತಿ. ಬಿಳಿಯ ಹೆಣ್ಣನ್ನು ಮದುವೆಯಾಗಲು ಹೊರಟರೆ 1933ರಿಂದ ಕಾನೂನೇ ಅಡ್ಡ. ಹೀಗಾಗಿ ಒಂದು ತಲೆಮಾರಿನ ಗಂಡಸರು ಮನೆಯಿಲ್ಲದೆ, ಮಕ್ಕಳಿಲ್ಲದೆ, ಹೊಲದಿಂದ ಹೊಲಕ್ಕೆ ಅಲೆಯುತ್ತಲೇ ಮುದುಕರಾದರು. ಆ ಸಮುದಾಯದಲ್ಲಿ 'ತಾಯಿ' ಎಂಬುದೇ ಅಪರೂಪದ ಸಂಗತಿಯಾಗಿತ್ತು.

ಈ ಮದುವೆಯ ಕಾನೂನು ಬಿದ್ದ ಬಗೆಯನ್ನು ನಮ್ಮ ಓದುಗರು ತಿಳಿದಿರಬೇಕು. ಆಂಡ್ರಿಯಾ ಪೆರೆಜ್ ಮತ್ತು ಸಿಲ್ವೆಸ್ಟರ್ ಡೇವಿಸ್ ಎಂಬಿಬ್ಬರು ಕಥೋಲಿಕರು ಲಾಸ್ ಏಂಜಲೀಸಿನಲ್ಲಿ ಮದುವೆಯ ಪರವಾನಗಿ ಕೇಳಿದರು. ಆಕೆಯನ್ನು ಬಿಳಿಯಳೆಂದೂ ಆತನನ್ನು ಕರಿಯನೆಂದೂ ಬರೆದುಕೊಂಡ ಕಚೇರಿ ನಿರಾಕರಿಸಿತು. ಅವರ ಪರ ವಾದಿಸಿದ ವಕೀಲ ಡೇನಿಯಲ್ ಮಾರ್ಷಲ್ ಕಥೋಲಿಕ ಅಂತರ್ಜನಾಂಗೀಯ ಮಂಡಳಿಗೆ ಸೇರಿದವರು. ನಮ್ಮ ಧರ್ಮಸಭೆ ಇವರ ಮದುವೆಗೆ ಅಡ್ಡಿ ಹೇಳುವುದಿಲ್ಲ, ಹೀಗಿರಲು ಸಂಸ್ಕಾರವೊಂದನ್ನು ಪಡೆಯುವುದಕ್ಕೆ ಸರ್ಕಾರ ತಡೆಯೊಡ್ಡಬಹುದೆ ಎಂಬುದು ಅವರ ವಾದ. 1948ರ ಅಕ್ಟೋಬರ್ 1ರಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ ನಾಲ್ಕಕ್ಕೆ ಮೂರರ ಬಹುಮತದಿಂದ ಕಾನೂನನ್ನು ರದ್ದುಗೊಳಿಸಿತು. ಥೆಲ್ಮಾ ಬಂದದ್ದು ಇದಾದ ಮೂರು ವರ್ಷಕ್ಕೆ. ಮುಂದೆ ಅವರು ಕೈಹಿಡಿದದ್ದು ಜಾನ್ ಬುಕೋಲ್ಟ್ ಎಂಬ ಬಿಳಿಯ ಅಮೆರಿಕನ್ ಪ್ರಜೆಯನ್ನು.

ಮದುವೆ, ಮಕ್ಕಳು, ಶಾಲೆಯಲ್ಲಿ ಪಾಠ: ಇವು ಒಟ್ಟಿಗೇ ಸಾಗಿದವು. 1965ರಲ್ಲಿ ಕುಟುಂಬ ಅಲಾಸ್ಕದ ಆಂಕರೇಜ್ ನಗರಕ್ಕೆ ಬಂದಿತು. ಅದರ ಹಿಂದಿನ ವರ್ಷ, 1964ರ ಮಾರ್ಚ್ 27ರ ಶುಭ ಶುಕ್ರವಾರದ ಸಂಜೆ, 9.2ರ ಪ್ರಮಾಣದ ಭೂಕಂಪ ಆ ನಗರವನ್ನು ನಡುಗಿಸಿ ಬೀದಿಗಳನ್ನೇ ಕುಸಿಯುವಂತೆ ಮಾಡಿತ್ತು. ಬುಕೋಲ್ಟ್ ದಂಪತಿಗಳು ಬಂದಾಗ ಊರು ಇನ್ನೂ ಕಟ್ಟಿಕೊಳ್ಳುತ್ತಿತ್ತು. ಆಂಕರೇಜ್ ಮಹಾಧರ್ಮಪ್ರಾಂತ್ಯ ಸ್ಥಾಪನೆಯಾದದ್ದೂ ಅದರ ಮರುವರ್ಷ, 1966ರಲ್ಲಿ. ಎಲ್ಲವೂ ಹೊಸದಾಗಿದ್ದ ಅಂಥ ಊರಿನಲ್ಲಿ, ನಾಲ್ಕು ಮಕ್ಕಳನ್ನು ಸಾಕುತ್ತ, ಥೆಲ್ಮಾ ಊರಿನ ಮಕ್ಕಳ ಕೆಲಸಕ್ಕೆ ಇಳಿದರು. ಬೇರೆ ಬೇರೆ ಬಣ್ಣದ, ಭಾಷೆಯ ತಾಯಂದಿರ ಪರಿಚಯ ಅವರಿಗಾದದ್ದು ಹಾಗೆ. ಚಳಿಗಾಲದಲ್ಲಿ ಐದಾರು ಗಂಟೆ ಮಾತ್ರ ಬೆಳಕಿರುವ ನಾಡಿನಲ್ಲಿ ಮಕ್ಕಳನ್ನು ಶಾಲೆಯ ನಂತರ ಎಲ್ಲಿ ಕೂಡಿಸಬೇಕೆಂಬುದು ತಾಯಂದಿರಿಗೆ ಸಣ್ಣ ಪ್ರಶ್ನೆಯಲ್ಲ.

1974ರಲ್ಲಿ ಅವರು ಅಲಾಸ್ಕದ ವಿಧಾನಸಭೆಗೆ ಸ್ಪರ್ಧಿಸಿದರು. ಕ್ಷೇತ್ರದಲ್ಲಿದ್ದವರು ಬಹುಪಾಲು ಬಿಳಿಯರು; ತಮ್ಮವರ ಮತದಿಂದ ಗೆಲ್ಲುವ ಲೆಕ್ಕಾಚಾರಕ್ಕೆ ಅಲ್ಲಿ ಅವಕಾಶವೇ ಇರಲಿಲ್ಲ. ಆದರೂ ಗೆದ್ದರು. ಅಮೆರಿಕದಲ್ಲಿ ಶಾಸಕಿಯಾದ ಮೊದಲ ಫಿಲಿಪಿನೋ ಮಹಿಳೆ ಎಂದು ಅವರ ಹೆಸರು ದಾಖಲಾಗಿದೆ. ಮತ್ತೆ ಮೂರು ಬಾರಿ ಆರಿಸಿ ಬಂದರು. 40 ಸದಸ್ಯರ ಆ ಸದನ ಕೂಡುವುದು ರಾಜಧಾನಿ ಜೂನೋದಲ್ಲಿ. ಆಂಕರೇಜಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ಒಂದು ಕಡೆ ಕಡಲು, ಇನ್ನೊಂದು ಕಡೆ ಹಿಮನದಿ. ವಿಮಾನವನ್ನೋ ಹಡಗನ್ನೋ ಏರಬೇಕು. ಜನವರಿಯ ಚಳಿಯಲ್ಲಿ ಅಧಿವೇಶನ ಆರಂಭವಾದರೆ ತಿಂಗಳುಗಟ್ಟಲೆ ನಡೆಯುತ್ತದೆ. ಮನೆಯಲ್ಲಿ ನಾಲ್ವರು ಮಕ್ಕಳಿದ್ದ ತಾಯಿಗೆ ಇದು ಎಂಥ ವ್ಯವಸ್ಥೆಯನ್ನು ಬೇಡಿತೆಂಬುದನ್ನು ಓದುಗರಲ್ಲಿ ತಾಯಂದಿರಾದವರು ನನಗಿಂತ ಚೆನ್ನಾಗಿ ಊಹಿಸಬಲ್ಲರು. ಆ ವರ್ಷಗಳು ಅಲಾಸ್ಕದಲ್ಲಿ ತೈಲದ ಕೊಳವೆಮಾರ್ಗ ಸಿದ್ಧವಾಗಿ, 1977ರಿಂದ ರಾಜ್ಯದ ಬೊಕ್ಕಸ ತುಂಬಿದ ವರ್ಷಗಳು. ಹಣ ಬಂದಾಗ ಯಾರನ್ನು ನೆನೆಯಬೇಕು ಎಂಬ ಪ್ರಶ್ನೆ ಸದನಗಳಲ್ಲಿ ಏಳುತ್ತದೆ. ಥೆಲ್ಮಾ ವಲಸಿಗರ, ಮೂಲನಿವಾಸಿಗಳ ಸಂಸ್ಕೃತಿಯ ಪರವಾಗಿ ದನಿಯೆತ್ತಿದವರು. ಏಷ್ಯಾ ಮೂಲದವರಿಗಾಗಿ ಆಂಕರೇಜಿನಲ್ಲಿ ಒಂದು ಸಾಂಸ್ಕೃತಿಕ ಕೇಂದ್ರವನ್ನೂ ಕಟ್ಟಿ ಬೆಳೆಸಿದರು.

ಆದರೆ ಅಲಾಸ್ಕದಲ್ಲಿ ಅವರೇ ಮೊದಲ ಫಿಲಿಪಿನೋ ಅಲ್ಲವಲ್ಲ. ಈ ಅರಿವೇ ಅವರನ್ನು ಇತಿಹಾಸದ ಕಡೆಗೆ ಎಳೆದದ್ದು ಎಂದು ನಾನು ತಿಳಿಯುತ್ತೇನೆ. 'ಅಲಾಸ್ಕೆರೋ' ಎಂಬ ಒಂದು ಪದವಿದೆ. ಬೇಸಗೆಯ ನಾಲ್ಕಾರು ತಿಂಗಳು ಅಲಾಸ್ಕದ ಕರಾವಳಿಯ ಮೀನಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಫಿಲಿಪಿನೋ ಕೂಲಿಗಳು ತಮ್ಮನ್ನು ಕರೆದುಕೊಂಡ ಹೆಸರದು. ಹೊಳೆಯನ್ನೇರಿ ಬರುವ ಸಾಲ್ಮನ್ ಮೀನನ್ನು ಕತ್ತರಿಸಿ, ತೊಳೆದು, ಡಬ್ಬಿಗಳಲ್ಲಿ ತುಂಬಿ, ಬೇಯಿಸಿ, ಮುಚ್ಚಿ ಕಳುಹಿಸುವ ಕೆಲಸ. ಮೊದಲು ಅದನ್ನು ಚೀನೀಯರು ಮಾಡುತ್ತಿದ್ದರು. 1882ರ ಕಾಯಿದೆ ಚೀನೀಯರನ್ನು ಹೊರಗಿಟ್ಟಿತು. ಆಮೇಲೆ ಜಪಾನೀಯರಿಗೂ ತಡೆ ಬಂದಿತು. ಆ ಜಾಗಕ್ಕೆ ಬಂದವರು ಫಿಲಿಪಿನೋ ತರುಣರು. ಮೀನು ಕತ್ತರಿಸುವ ಯಂತ್ರವೊಂದಕ್ಕೆ ಚೀನೀಯರನ್ನು ಹೀಗಳೆಯುವ ಹೆಸರನ್ನೇ ಇಟ್ಟಿದ್ದರೆಂದರೆ ಅಲ್ಲಿನ ವಾತಾವರಣ ತಿಳಿಯುತ್ತದೆ. ಸಿಯಾಟಲ್ ನಗರದಲ್ಲಿ ಗುತ್ತಿಗೆದಾರನು ಆಳುಗಳನ್ನು ಗೊತ್ತುಮಾಡುತ್ತಿದ್ದನು. ಊಟ, ಬಟ್ಟೆ, ಸಾಲ ಎಲ್ಲವನ್ನೂ ಅವನೇ ಕೊಟ್ಟು, ಋತುವಿನ ಕೊನೆಗೆ ಲೆಕ್ಕ ಮುರಿದಾಗ ಕೂಲಿಯವನ ಕೈಯಲ್ಲಿ ಉಳಿಯುತ್ತಿದ್ದುದು ಅಲ್ಪ. ಮುಂದೆ ಹೆಸರಾಂತ ಲೇಖಕನಾದ ಕಾರ್ಲೋಸ್ ಬುಲೋಸಾನ್ ಕೂಡ 1930ರಲ್ಲಿ ಹೀಗೆಯೇ ಅಲಾಸ್ಕಕ್ಕೆ ಹೋಗಿ ದುಡಿದವನು.

1933ರಲ್ಲಿ ಈ ಕೂಲಿಗಳು ಸಂಘ ಕಟ್ಟಿದರು. 1936ರ ಡಿಸೆಂಬರ್ 1ರಂದು ಅದರ ಅಧ್ಯಕ್ಷ ವರ್ಜಿಲ್ ದುಯುಂಗಾನ್, ಕಾರ್ಯದರ್ಶಿ ಔರೇಲಿಯೊ ಸಿಮೋನ್ ಇಬ್ಬರೂ ಸಿಯಾಟಲ್‌ನಲ್ಲಿ ಕೊಲೆಯಾದರು. ಆದರೂ ಸಂಘ ಅಳಿಯಲಿಲ್ಲ.

ಇವೆಲ್ಲ ಹಳೆಯ ಮಾತು ಎನ್ನುವವರಿಗೆ ಇನ್ನೊಂದು ಸಂಗತಿ ಹೇಳಬೇಕು. ಥೆಲ್ಮಾ ಶಾಸಕಿಯಾಗಿ ಆಯ್ಕೆಯಾದ ಅದೇ 1974ರಲ್ಲಿ, ವಾರ್ಡ್ಸ್ ಕೋವ್ ಎಂಬ ಮೀನಿನ ಕಂಪನಿಯ ವಿರುದ್ಧ ಕೂಲಿಗಳು ನ್ಯಾಯಾಲಯಕ್ಕೆ ಹೋದರು. ಒಳ್ಳೆಯ ಸಂಬಳದ ಕೆಲಸಗಳೆಲ್ಲ ಬಿಳಿಯರಿಗೆ. ಮೀನು ತೊಳೆಯುವ, ಡಬ್ಬಿ ತುಂಬುವ ಕೆಲಸ ಫಿಲಿಪಿನೋ ಜನರಿಗೆ ಮತ್ತು ಅಲಾಸ್ಕದ ಮೂಲನಿವಾಸಿಗಳಿಗೆ. ಮಲಗುವ ಮನೆ ಬೇರೆ, ಉಣ್ಣುವ ಮನೆ ಬೇರೆ. ಪಂಕ್ತಿಭೇದವನ್ನು ಕಂಡ ನಾಡಿನವರಾದ ನಮಗೆ ಇದನ್ನು ಅರ್ಥಮಾಡಿಕೊಳ್ಳುವುದು ಕಷ್ಟವೇನಲ್ಲ. ಮೊಕದ್ದಮೆ ಹದಿನೈದು ವರ್ಷ ನಡೆದು, 1989ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಐದಕ್ಕೆ ನಾಲ್ಕರ ಬಹುಮತದಿಂದ ಕಂಪನಿಯ ಕಡೆಗೆ ವಾಲಿತು. ಎರಡು ವರ್ಷದ ಮೇಲೆ ಸಂಸತ್ತು ಆ ತೀರ್ಪಿನ ದೋಷವನ್ನು ಸರಿಪಡಿಸಲು ಹೊಸ ಕಾಯಿದೆ ತಂದಿತು. ಆದರೆ ಅದು ಈ ಒಂದು ಮೊಕದ್ದಮೆಗೆ ಅನ್ವಯಿಸದಂತೆ ಒಂದು ವಾಕ್ಯವನ್ನೂ ಅದರಲ್ಲಿ ಸೇರಿಸಲಾಯಿತು! ಯಾರ ನೋವಿನಿಂದ ಕಾಯಿದೆ ಹುಟ್ಟಿತೋ ಅವರಿಗೆ ಅದರ ಫಲವಿಲ್ಲ. ಇಂಥ ಜಾಣ್ಮೆಗೆ ಏನು ಹೆಸರಿಡಬೇಕೋ ನನಗೆ ತಿಳಿಯದು.

ಆ 1991ರಲ್ಲಿಯೇ, 57ರ ಹೊಸ್ತಿಲಿನಲ್ಲಿ, ಥೆಲ್ಮಾ ರಾಜಧಾನಿ ವಾಷಿಂಗ್ಟನ್ನಿನ ಕಾನೂನು ಕಾಲೇಜಿನಿಂದ ಪದವಿ ಪಡೆದರು. ಮಕ್ಕಳು ಬೆಳೆದಾಗಿತ್ತು, ಶಾಸಕಿಯ ಅಧಿಕಾರ ಮುಗಿದು ಎಂಟು ವರ್ಷವಾಗಿತ್ತು. ವಿಶ್ರಾಂತಿಯ ಮಾತಾಡುವ ವಯಸ್ಸಿನಲ್ಲಿ ಮಕ್ಕಳ ಪ್ರಾಯದವರ ಪಕ್ಕದಲ್ಲಿ ಕುಳಿತು ಓದಿದ ಶಿಕ್ಷಕಿ ಅವರು.

ಐದು ವರ್ಷದ ತರುವಾಯ, 1996ರಲ್ಲಿ, ಅವರ ಪುಸ್ತಕ ಹೊರಬಂದಿತು. ಅಲಾಸ್ಕದಲ್ಲಿ ಫಿಲಿಪಿನೋಗಳು, 1788ರಿಂದ 1958ರವರೆಗೆ ಎಂಬುದು ಅದರ ವಿಷಯ, ಅದೇ ಹೆಸರು ಕೂಡ. 1788 ಎಂದರೆ ತುಪ್ಪಳದ ವ್ಯಾಪಾರಕ್ಕೆ ಬಂದ ಹಡಗಿನಲ್ಲಿ 'ಮನಿಲಾದವನು' ಎಂದಷ್ಟೇ ಗುರುತಿಸಲ್ಪಟ್ಟ ನಾವಿಕನ ವರ್ಷ. ಹೆಸರಿಲ್ಲ, ಊರಿದೆ. ಆ ಒಬ್ಬನಿಂದ ಮೊದಲುಮಾಡಿ ತಿಮಿಂಗಿಲ ಬೇಟೆಯವರು, ತಂತಿ ಹಾಕಿದವರು, ಗಣಿಗಿಳಿದವರು, ಮೀನು ಕೊಯ್ದವರು, ಮೂಲನಿವಾಸಿ ಹೆಣ್ಣುಮಕ್ಕಳನ್ನು ಮದುವೆಯಾಗಿ ಜೂನೋ, ಕೆಚಿಕನ್ ಊರುಗಳಲ್ಲಿ ಸಂಸಾರ ಹೂಡಿದವರು, ಇವರೆಲ್ಲರ ಜಾಡು ಹಿಡಿಯುವುದು ಸುಲಭವಲ್ಲ. ಹೆಸರು ಬರೆದ ಗುಮಾಸ್ತನು ತನಗೆ ತೋಚಿದಂತೆ ಬರೆದಿರುತ್ತಾನೆ. ಬದುಕಿಡೀ ದುಡಿದವನು ಪತ್ರ ಬರೆದಿಟ್ಟಿರುವುದಿಲ್ಲ. ಬರೆದಿದ್ದರೂ ಅದನ್ನು ಕಾಪಾಡಲು ಮಕ್ಕಳಿರುವುದಿಲ್ಲ. ನಮ್ಮ ಧರ್ಮಕೇಂದ್ರಗಳ ಹಳೆಯ ಜ್ಞಾನಸ್ನಾನದ, ಮರಣದ ದಾಖಲೆ ಪುಸ್ತಕಗಳನ್ನು ತಿರುವಿದ ಗುರುಗಳಿಗೆ ಈ ಕಷ್ಟ ಗೊತ್ತು. ಒಂದು ಹೆಸರಿನ ಮುಂದೆ ಊರು ಅಳಿಸಿಹೋಗಿದ್ದರೆ ಒಂದು ಮನೆತನದ ದಾರಿಯೇ ಮುಚ್ಚಿಹೋಗುತ್ತದೆ.

ಅಲಾಸ್ಕ ಅಮೆರಿಕದ ರಾಜ್ಯವಾದದ್ದು 1959ರ ಜನವರಿ 3ರಂದು. ಪುಸ್ತಕ ಅದರ ಹಿಂದಿನ ವರ್ಷಕ್ಕೆ ನಿಂತುಬಿಡುತ್ತದೆ. ಥೆಲ್ಮಾ ಅಲ್ಲಿಗೆ ಬಂದದ್ದು 1965ರಲ್ಲಿ. ಅಂದರೆ ತಮ್ಮ ಸಮುದಾಯದ ಇತಿಹಾಸ ಬರೆದ ಈ ತಾಯಿ, ತಾವು ಕಾಲಿಡುವುದಕ್ಕೆ ಏಳು ವರ್ಷ ಮೊದಲೇ ಲೇಖನಿ ಕೆಳಗಿಟ್ಟರು. ತಮ್ಮ ಚುನಾವಣೆ, ತಮ್ಮ ಶಾಸನಸಭೆ, ತಮ್ಮ ಸೇವೆ ಇವಾವುದೂ ಅದರ ಕಾಲವ್ಯಾಪ್ತಿಯೊಳಗೆ ಬರುವುದಿಲ್ಲ. ಸಾರ್ವಜನಿಕ ಬದುಕಿನಲ್ಲಿದ್ದವರು ಬರೆಯುವ ಪುಸ್ತಕಗಳನ್ನು ಓದಿದವರಿಗೆ ಇದು ಎಷ್ಟು ವಿರಳವೆಂದು ತಿಳಿದಿರುತ್ತದೆ. ಪಾಠ ಹೇಳುವವರಿಗೆ ಮೊದಲು ಹಾಜರಿ ಕರೆಯುವ ಅಭ್ಯಾಸ. ಇಲ್ಲಿ ಅವರು ಕರೆದದ್ದು ಉತ್ತರ ಕೊಡಲಾರದವರ ಹಾಜರಿಯನ್ನು.

ಇಂಥದೇ ಕೆಲಸವನ್ನು ಸಿಯಾಟಲ್‌ನಲ್ಲಿ ಡೊರೊತಿ ಮತ್ತು ಫ್ರೆಡ್ ಕಾರ್ಡೊವಾ ದಂಪತಿಗಳು ಆರಂಭಿಸಿದ್ದರು. ಎಂಟು ಮಕ್ಕಳನ್ನು ಬೆಳೆಸಿದ ಆ ಮನೆಯಿಂದಲೇ 1982ರಲ್ಲಿ ಫಿಲಿಪಿನೋ ಅಮೆರಿಕನ್ ರಾಷ್ಟ್ರೀಯ ಇತಿಹಾಸ ಸಂಘ ಹುಟ್ಟಿತು. ಥೆಲ್ಮಾ ಅದರಲ್ಲಿ ನಿಕಟವಾಗಿ ದುಡಿದರು. ವಿಶ್ವವಿದ್ಯಾಲಯಗಳು ಕಣ್ಣೆತ್ತಿ ನೋಡದಿದ್ದ ಕಾಲದಲ್ಲಿ ಮನೆಮನೆಯ ಅಟ್ಟದಿಂದ ಭಾವಚಿತ್ರಗಳನ್ನು ಇಳಿಸಿ, ಮುದುಕರ ಬಾಯಿಯಿಂದ ಮಾತು ಹೊರಡಿಸಿ ಕೂಡಿಟ್ಟವರು ಇಂಥ ತಾಯಂದಿರು. ಸಂಘವು ಅಕ್ಟೋಬರ್ ತಿಂಗಳನ್ನು ಫಿಲಿಪಿನೋ ಅಮೆರಿಕನ್ ಇತಿಹಾಸದ ಮಾಸವೆಂದು ಆಚರಿಸತೊಡಗಿತು. 1587ರ ಅಕ್ಟೋಬರ್ 18ರಂದು ಸ್ಪೇನಿನ ಹಡಗಿನೊಂದಿಗೆ ಲುಜೋನಿನ ಕೆಲವರು ಕ್ಯಾಲಿಫೋರ್ನಿಯದ ಮೋರೊ ಕೊಲ್ಲಿಯಲ್ಲಿ ಇಳಿದ ನೆನಪಿಗೆ. ನಮಗೆಲ್ಲ ಅದು ಜಪಸರದ ಮಾಸ; ಅಲ್ಲಿನ ಹಲವು ಮನೆಗಳಲ್ಲಿ ಎರಡೂ ಒಟ್ಟಿಗೇ ನಡೆಯುತ್ತದೆ.

ಅಮೆರಿಕದ ಸಂಸತ್ತು ಈ ಮಾಸಾಚರಣೆಯನ್ನು ಅಂಗೀಕರಿಸಿದ್ದು 2009ರಲ್ಲಿ. ಥೆಲ್ಮಾ ತೀರಿಕೊಂಡು ಆಗ ಎರಡು ವರ್ಷವಾಗಿತ್ತು.